ತಲೆ ಮೇಲೆ ಮಂಕರಿ ಹೊತ್ತ ರಾಜ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ. ಹೋದ ಸಂಚಿಕೇಲಿ ಸುಮೇರಿಯನ್ನರ (ನಾಲ್ಕು ಸಾವಿರ ವರ್ಷದ ಹಿಂದೆ ಈಗಿನ ದಕ್ಷಿಣ ಇರಾಕ್ ಕಡೆ ಇದ್ದವರು) ತಾಮ್ರದ ಬೊಂಬೆಯೊಂದರ ಫೋಟೋ ದೊಡ್ಡದಾಗಿ ಹಾಕಿ, ಕೆಳಗೆ ‘ಗುಡಿಯ ಅಡಿಪಾಯದಲ್ಲಿ ಹೂತಿಡುತ್ತಿದ್ದದ್ದು’ ಅಂತ ಒಂದೇ ಸಾಲು ಬರ್ದು ಕೈ ತೊಳ್ಕೊಂಡಿದ್ದೆ, ನೀವು ಬಿಡ್ತೀರಾ. ಹಾಗಾಗಿ ಉಪ್ಪಿನಕಾಯಿ ಬೂಷ್ಟು, ಗ್ಯಾಸ್ ಗೀಸರ್ ಇತ್ಯಾದಿ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ, ಬೇಜಾರು ಮಾಡ್ಕೋಬೇಡಿ.

ಪ್ರ: ಮೇಡಂ, ನಿಮ್ಮ ಫೋಟೋ ನೋಡಿದ ತಕ್ಷಣ ನೆನಪಾಯ್ತು, ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ಲಂಡನ್‌ಗೆ ಹೋದಾಗ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥದ್ದೇ ನೋಡಿದ್ದೆ. ಗೇಣುದ್ದದ ಚಿಲ್ರೆ ಬೊಂಬೆ, ಮೈಮೇಲೆ ಅಂಗಿ ಇಲ್ಲ, ತಲೆ ನುಣ್ಣಗೆ, ಎರಡೂ ಕೈ ಎತ್ತಿ ತಲೆ ಮೇಲಿನ ಬುಟ್ಟಿ ಹಿಡ್ಕೊಂಡಿದೆ. ನಾನು ಗಾರೆ ಕೆಲಸದವನು ಅಂದ್ಕೊಂಡೆ, ಅಳಿಯ ಬೋರ್ಡ್ ಓದಿ ‘ಇಲ್ಲ ಅತ್ತೆ, ಇವ್ನು ರಾಜ’ ಅಂದ್ರು. ರಾಜ ಯಾಕೆ ಬುಟ್ಟಿ ಹೊರ್ತಾನೆ? — ಓದುಗರೊಬ್ಬರು, ಮೈಸೂರು

ಉ: ನಿಮ್ಮ ಅಳಿಯ ಸರಿಯಾಗೇ ಓದಿದಾರೆ, ಆದ್ರೆ ನೀವು ಅಂದ್ಕೊಂಡಿದ್ದೂ ತಪ್ಪಲ್ಲ. ಅವನ ಹೆಸರು ಉರ್-ನಮ್ಮ, ಕ್ರಿ.ಪೂ. 2100ರ ಆಸುಪಾಸಲ್ಲಿ ಈಗಿನ ದಕ್ಷಿಣ ಇರಾಕ್‌ನ ಉರ್ ಅನ್ನೋ ಊರಿಂದ ಆಳ್ತಿದ್ದವನು. ಉರ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರೋ ಆ ದೊಡ್ಡ ಗುಡಿ-ಗೋಪುರ, ಜಿಗ್ಗುರಾಟ್ ಅಂತಾರಲ್ಲ, ಅದನ್ನ ಕಟ್ಟಿಸೋಕೆ ಶುರು ಮಾಡಿದ್ದು ಇವನೇ, ಈಗ ಸಿಕ್ಕಿರೋದ್ರಲ್ಲೆಲ್ಲ ಹಳೇದಾದ ಕಾನೂನು ಬರಹ ಇರೋದೂ ಇವನ ಹೆಸರಲ್ಲೇ. ಲಂಡನ್ನಿನ ಬೊಂಬೆ ಉರುಕ್ ಅನ್ನೋ ಊರಿಂದು, ನ್ಯೂಯಾರ್ಕ್‌ನ ಮಾರ್ಗನ್ ಲೈಬ್ರರೀಲಿ ಇವನದೇ ಇನ್ನೊಂದಿದೆ, ಅದು ನಿಪ್ಪುರ್‌ದು.

ಬುಟ್ಟಿ ಸಮಾಚಾರಕ್ಕೆ ಬರೋಣ. ಅವರ ಊರಲ್ಲಿ ಕಲ್ಲಿಲ್ಲ, ಮರ ಇಲ್ಲ, ಇರೋದು ಬರೀ ನದಿ ಮಣ್ಣು, ಮನೆಯಿಂದ ದೇವಸ್ಥಾನದ ತನಕ ಎಲ್ಲಾ ಇಟ್ಟಿಗೇನೇ. ಹೊಸ ಗುಡಿ ಕಟ್ಟಬೇಕು ಅಂದ್ರೆ ಮೊದಲನೇ ಇಟ್ಟಿಗೆಯ ಮಣ್ಣನ್ನ ರಾಜನೇ ತಲೆ ಮೇಲೆ ಹೊತ್ತು ತರಬೇಕು, ಅದಕ್ಕೆ ಬಳಸೋ ಬುಟ್ಟಿಗೆ ಅವರ ಭಾಷೇಲಿ ದುಸು ಅಂತ ಹೆಸರು. ಉರ್-ನಮ್ಮನಿಗಿಂತ ಒಂದು ಚೂರು ಮುಂಚೆನೋ ಅವನ ಕಾಲದಲ್ಲೋ ಲಗಾಶ್‌ನಲ್ಲಿ ಗುಡೇಯ ಅಂತ ಒಬ್ಬ ದೊರೆ ಇದ್ದ, ಅವನು ತನ್ನ ದೇವರು ನಿನ್‌ಗಿರ್ಸುವಿನ ಗುಡಿ ಕಟ್ಟಿಸಿದ ಕಥೇನ ಎರಡು ದೊಡ್ಡ ಮಣ್ಣಿನ ಸಿಲಿಂಡರ್ ಮೇಲೆ ಪದ್ಯದಲ್ಲಿ ಬರೆಸಿದಾನೆ, 1877ರಲ್ಲಿ ಸಿಕ್ಕಿದ್ವು, ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿವೆ. ಅದರಲ್ಲಿ ಇಟ್ಟಿಗೆ ಮಣ್ಣಿಗೆ ಜೇನುತುಪ್ಪ, ತುಪ್ಪ, ಎಣ್ಣೆ ಕಲೆಸಿದ್ದು, ಬುಟ್ಟೀನ ಕಿರೀಟ ಇಟ್ಕೊಂಡ ಹಾಗೆ ತಲೆ ಮೇಲೆ ಇಟ್ಕೊಂಡಿದ್ದು, ಅಚ್ಚಿನಿಂದ ಇಟ್ಟಿಗೆ ಹೊರಗೆ ಬಂದಾಗ ಖುಷಿಪಟ್ಟಿದ್ದು ಎಲ್ಲಾ ಇದೆ. ಕೂಲಿಯವರ ಕೆಲಸ ನಿಜ, ಆದ್ರೆ ಆವತ್ತು ಒಂದು ದಿನ ಅದು ರಾಜನಿಗೇ ಮೀಸಲು. ನಮ್ಮಲ್ಲಿ ಮಂತ್ರಿಗಳು ಬೆಳ್ಳಿ ಕರಣೆ ಹಿಡ್ಕೊಂಡು ಒಂದು ಸಲ ಸಿಮೆಂಟ್ ಸವರಿ ಫೋಟೋ ತೆಗೆಸ್ಕೊಳಲ್ವಾ, ಆ ಥರ ಅನ್ಬಹುದು, ಆದ್ರೆ ಉರ್-ನಮ್ಮ ಆ ‘ಫೋಟೋ’ನ ಪೇಪರ್‌ಗೆ ಕಳಿಸಲಿಲ್ಲ, ಮಣ್ಣಲ್ಲಿ ಹೂತ.

ಇನ್ನೊಂದು ವಿಷ್ಯ ಹೇಳ್ಬೇಕು, ನಂಗೆ ತುಂಬಾ ಇಷ್ಟ ಅದು. ಬುಟ್ಟಿ ಹೊತ್ತ ರಾಜ ಬರೋಕೆ ಮುಂಚೆ ಅವರು ಹೂಳ್ತಿದ್ದದ್ದು ಗೂಟ. ಮೇಲೆ ಮನುಷ್ಯನ ಎದೆ ಮುಖ, ಸೊಂಟದಿಂದ ಕೆಳಗೆ ಚೂಪಾದ ಮೊಳೆ, ತಾಮ್ರದಲ್ಲಿ ಎರಕ ಹೊಯ್ದು ಅಡಿಪಾಯದ ಮಣ್ಣಿಗೆ ನೆಡ್ತಿದ್ರು. ಗುಡೇಯನ ಕಾಲಕ್ಕೆ ಮೊಣಕಾಲೂರಿದ ದೇವರೊಬ್ಬ ಎರಡೂ ಕೈಲಿ ದೊಡ್ಡ ಗೂಟ ಹಿಡಿದು ನೆಲಕ್ಕೆ ಒತ್ತುತಾ ಇರೋ ಹಾಗೆ ಮಾಡಿದ್ರು. ಈಗ ನಾವು ಅಡಿಪಾಯ ಹಾಕೋ ಶಾಸ್ತ್ರಕ್ಕೆ ಏನಂತೀವಿ? ಶಂಕುಸ್ಥಾಪನೆ. ಶಂಕು ಅಂದ್ರೆ ಗೂಟಾನೇ ಅಲ್ವಾ! ಆದ್ರೆ ದಯವಿಟ್ಟು ‘ಸುಮೇರಿಯನ್ನರೇ ನಮ್ಮ ಪೂರ್ವಜರು’ ಅಂತ ವಾಟ್ಸಾಪ್‌ನಲ್ಲಿ ಹರಿಬಿಡಬೇಡಿ, ಕಟ್ಟೋಕೆ ಮುಂಚೆ ಗೂಟ ಹೊಡೆದು ಜಾಗ ಗುರುತು ಮಾಡೋದು ಎಲ್ಲಾ ಕಡೆ ಮೇಸ್ತ್ರಿಗಳಿಗೂ ಬೇಕಾಗಿದ್ದೇ.

ಪ್ರ: ಮೇಡಂ, ಇಷ್ಟ ಛಂದ ಮೂರ್ತಿ ಮಾಡಿ ನೆಲದಾಗ ಹುಗದ್ರ ನೋಡವ್ರು ಯಾರ್ರಿ? ಗುಡಿಯೊಳಗ ಇಡೂವಂಥಾ ದೊಡ್ಡ ಮೂರ್ತಿ ಮಾಡಾಕ ಅವ್ರಿಗೆ ಬರ್ತಿದ್ದಿಲ್ಲೇನು? — ಓದುಗರೊಬ್ಬರು, ಧಾರವಾಡ

ಉ: ಬರ್ತಿತ್ರೀ ಸರ್, ಮಾಡಿದ್ರು ಕೂಡ. ಗುಡೀಲಿ ಲೋಹದ ಪ್ರತಿಮೆ ಇಟ್ವಿ ಅಂತ ಆ ಕಡೆ ರಾಜರು ಬರೆಸ್ಕೊಂಡಿದ್ದು ಬೇಕಾದಷ್ಟಿದೆ. ಅವೆಲ್ಲ ಎಲ್ಲಿ ಹೋದ್ವು ಅಂದ್ರೆ, ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ ಗುಜರಿಗೆ. ಲೋಹ ಅನ್ನೋದು ದುಡ್ಡು, ಊರು ಲೂಟಿಯಾದ ದಿನ ಮೊದಲು ಕರಗೋದು ಅದೇ, ಲೂಟಿನೇ ಆಗ್ಲಿಲ್ಲ ಅಂದ್ರೂ ಮುಂದಿನ ರಾಜನಿಗೆ ಕೊಡಲಿ ಬೇಕು, ಈಟಿ ಬೇಕು, ಅವನು ತಾತನ ಮೂರ್ತಿನೇ ಕರಗಿಸ್ತಾನೆ. ಇದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಲೂವ್ರ್‌ನಲ್ಲಿ ಗುಡೇಯನ ಒಂದು ಕರಿಕಲ್ಲಿನ ವಿಗ್ರಹ ಇದೆ, ಪಾಪ ತಲೆ ಹೋಗಿದೆ, ಅದರ ಮೈತುಂಬ ಬರಹ, ಅದರಲ್ಲಿ ಒಂದು ಕಡೆ ಹೇಳ್ತಾನೆ, ಈ ವಿಗ್ರಹ ಬೆಳ್ಳಿದಲ್ಲ, ಲಾಪಿಸ್ ಲಾಜುಲಿ ಅನ್ನೋ ನೀಲಿ ಕಲ್ಲಿಂದಲ್ಲ, ತಾಮ್ರ ಅಲ್ಲ, ತವರ ಅಲ್ಲ, ಕಂಚೂ ಅಲ್ಲ, ಕಲ್ಲು, ಇದನ್ನ ಯಾರೂ ಬೇರೆ ಕೆಲಸಕ್ಕೆ ತಗೊಳಲ್ಲ ಅಂತ. ಓದಿದಾಗ ನಂಗೆ ನಗು ಬಂತು, ನಾಲ್ಕು ಸಾವಿರ ವರ್ಷದ ಹಿಂದೇನೇ ಆಸಾಮಿ ಗುಜರಿಯವನ ತಕ್ಕಡಿ ಕಣ್ಣಮುಂದೆ ಇಟ್ಕೊಂಡೇ ಕಲ್ಲು ಆರಿಸಿದಾನೆ.

ಹಾಗಾಗಿ ಇವತ್ತು ಮ್ಯೂಸಿಯಂನಲ್ಲಿ ನಾವು ನೋಡೋ ಸುಮೇರಿಯನ್ ಲೋಹದ ಶಿಲ್ಪ ಅಂದ್ರೆ ಅವರು ಮಾಡಿದ್ದರಲ್ಲಿ ಶ್ರೇಷ್ಠವಾದದ್ದೇ ಅಂತಲ್ಲ, ಕರಗಿಸೋರ ಕೈಗೆ ಸಿಗದೆ ತಪ್ಪಿಸ್ಕೊಂಡಿದ್ದು. ಒಂದೋ ಬೇಕಂತಲೇ ಹೂತಿದ್ದು, ಇಲ್ಲಾ ಹೆಣದ ಜೊತೆ ಹೋಗಿದ್ದು (ಉರ್‌ನ ರಾಜರ ಸಮಾಧಿಗಳಲ್ಲಿ ಸಿಕ್ಕ ಚಿನ್ನದ ಗೂಳಿತಲೆಯ ವೀಣೆ ಥರದ ವಾದ್ಯಗಳು ಹೀಗೇ ಉಳಿದಿದ್ದು), ಇಲ್ಲಾ ಗೋಡೆ ಮೈಮೇಲೆ ಬಿದ್ದಿದ್ದು.

ಗೋಡೆ ಬಿದ್ದಿದ್ದರ ಕಥೆ ಕೇಳಿ. ಉರ್‌ನಿಂದ ಆರು ಕಿಲೋಮೀಟರ್ ದೂರದಲ್ಲಿ ಅಲ್-ಉಬೈದ್ ಅಂತ ಒಂದು ದಿಬ್ಬ, ಅಲ್ಲಿ 1919ರಲ್ಲಿ ಹಾಲ್ ಅನ್ನೋವ್ರು, ಆಮೇಲೆ 1923-24ರಲ್ಲಿ ಲಿಯೊನಾರ್ಡ್ ವೂಲಿ ಅಗೆದ್ರು. ಸಿಕ್ಕಿದ್ದು ನಿನ್‌ಹುರ್ಸಗ್ ಅನ್ನೋ ದೇವತೆಯ ಗುಡಿ, ಕ್ರಿ.ಪೂ. 2500ರ ಹೊತ್ತಿಂದು, ಉರ್-ನಮ್ಮನಿಗಿಂತ ನಾನೂರು ವರ್ಷ ಹಳೇದು. ಅದರ ಮುಂಭಾಗದಲ್ಲಿದ್ದ ಒಂದು ತಾಮ್ರದ ಫಲಕ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅಗಲ 2.59 ಮೀಟರ್, ಎತ್ತರ 1.07 ಮೀಟರ್, ನಡುವೆ ಸಿಂಹದ ತಲೆಯ ಹದ್ದು ರೆಕ್ಕೆ ಹರಡಿ ನಿಂತಿದೆ, ಹೆಸರು ಇಮ್ದುಗುದ್, ಆ ಕಡೆ ಒಂದು ಈ ಕಡೆ ಒಂದು ಕವಲುಕೊಂಬಿನ ಜಿಂಕೆ, ಅದರ ಉಗುರು ಅವುಗಳ ಬೆನ್ನ ಮೇಲೆ. ನಮ್ಮ ಗಂಡಭೇರುಂಡ ಎರಡು ಆನೆ ಹಿಡಿದಿರೋದು ನೆನಪಾಗುತ್ತೆ, ನೆನಪಾಗುತ್ತೆ ಅಷ್ಟೇ, ಸಂಬಂಧ ಕಟ್ಟಬೇಡಿ. ಇದು ಎರಕ ಅಲ್ಲ, ತಾಮ್ರದ ತಗಡು ಬಡಿದು ಬಡಿದು ಆಕಾರ ಕೊಟ್ಟಿದ್ದು, ಒಳಗೆ ಡಾಂಬರು. ಅದೇ ಗುಡಿಯ ಗೂಳಿಗಳಿಗೂ ಅಷ್ಟೇ, ಮರದಲ್ಲಿ ಗೂಳಿ ಕೆತ್ತಿ, ಮೇಲೆ ಡಾಂಬರು ಬಳಿದು, ಅದರ ಮೇಲೆ ತಾಮ್ರದ ತಗಡು ಹೊದಿಸಿ ತಾಮ್ರದ ಮೊಳೆ ಹೊಡೆದಿದ್ರು. ನಮ್ಮಲ್ಲಿ ಮರದ ಬಾಗಿಲಿಗೆ, ದೇವರ ಮಂಟಪಕ್ಕೆ ಬೆಳ್ಳಿ ತಗಡು ಹೊದಿಸ್ತಾರಲ್ಲ, ಅದೇ ಕೆಲಸ. ಗುಡಿ ಕುಸಿದು ಇಟ್ಟಿಗೆ ರಾಶಿ ಮೇಲೆ ಬಿದ್ದು ಎಲ್ಲಾ ಜಜ್ಜಿಹೋಯ್ತು, ಮರ ಗೆದ್ದಲು ಹಿಡಿದ ಹಾಗೆ ಪುಡಿಯಾಯ್ತು, ತಗಡು ಕಿಲುಬು ಹಿಡೀತು, ಆದ್ರೆ ಉಳೀತು. ಈಗ ಕಾಣೋ ಫಲಕದಲ್ಲಿ ಕೆಲವು ಭಾಗ ಈಗಿನವರು ಸೇರಿಸಿ ರಿಪೇರಿ ಮಾಡಿದ್ದೂ ಇದೆ. ಗುಡಿ ಗಟ್ಟಿಯಾಗಿ ನಿಂತಿದ್ದಿದ್ರೆ ಆ ತಾಮ್ರ ಯಾವತ್ತೋ ಯಾರದೋ ಕೊಡಲಿ ಆಗ್ತಿತ್ತು.

ನೋಡೋರು ಯಾರು ಅಂದ್ರಲ್ಲ, ಮೊದಲನೇದಾಗಿ ದೇವರು. ಎರಡನೇದಾಗಿ ಮುಂದಿನ ರಾಜ, ಇದು ಮಜಾ. ಹಸಿ ಇಟ್ಟಿಗೆ ಗುಡಿ ನೂರಿನ್ನೂರು ವರ್ಷಕ್ಕೆ ಕುಸಿಯುತ್ತೆ, ಮತ್ತೆ ಕಟ್ಟೋನು ಬುಡ ಬಗೀತಾನೆ, ಆಗ ಅವನಿಗೆ ಹಳೇ ರಾಜನ ಬೊಂಬೆ ಸಿಗುತ್ತೆ, ಅದರ ಮೇಲೆ ಇಂಥ ದೇವರಿಗೆ ಇಂಥ ರಾಜ ಈ ಗುಡಿ ಕಟ್ಟಿಸಿದ ಅಂತ ಬರ್ದಿರುತ್ತೆ. ಉರ್-ನಮ್ಮ ಆಗಿ ಸಾವಿರದ ನಾನೂರು ವರ್ಷ ಆದ್ಮೇಲೆ ಅಸ್ಸೀರಿಯಾದ ರಾಜ ಅಶುರ್‌ಬಾನಿಪಾಲ್ ಬ್ಯಾಬಿಲೋನ್ ಗುಡಿ ಜೀರ್ಣೋದ್ಧಾರ ಮಾಡಿಸಿ ಕಲ್ಲಲ್ಲಿ ತನ್ನ ಚಿತ್ರ ಕೆತ್ತಿಸ್ಕೊಂಡ, ತಲೆ ಮೇಲೆ ಅದೇ ಬುಟ್ಟಿ! ಅದೂ ಬ್ರಿಟಿಷ್ ಮ್ಯೂಸಿಯಂನಲ್ಲೇ ಇದೆ. ಅಷ್ಟೊತ್ತಿಗೆ ಅಂಥ ಬೊಂಬೆ ಹೂಳೋ ಪದ್ಧತಿ ನಿಂತು ಎಷ್ಟೋ ಶತಮಾನ ಆಗಿತ್ತು, ಹಳೇ ಅಡಿಪಾಯ ಬಗೆಯೋವಾಗ ಇಂಥದ್ದೊಂದು ಕಣ್ಣಿಗೆ ಬಿದ್ದೇ ಈ ಐಡಿಯಾ ಬಂದಿರಬೇಕು ಅಂತ ಪಂಡಿತರ ಅನುಮಾನ, ನಂಗೂ ಅದೇ ಸರಿ ಅನ್ಸುತ್ತೆ.

ಇಟ್ಟ ರೀತಿನೂ ಹೇಳ್ಬಿಡ್ತೀನಿ. 1950ರ ದಶಕದಲ್ಲಿ ಅಮೆರಿಕನ್ನರು ನಿಪ್ಪುರ್‌ನಲ್ಲಿ ಅಗೀತಿದ್ದಾಗ ಉರ್-ನಮ್ಮನ ಮಗ ಶುಲ್ಗಿ ಕಟ್ಟಿಸಿದ ಇನಾನ್ನಾ ದೇವತೆಯ ಗುಡಿ ಬುಡದಲ್ಲಿ ಇಟ್ಟಿದ್ದು ಇಟ್ಟ ಹಾಗೇ ಸಿಕ್ಕಿದ್ವು. ಸುಟ್ಟ ಇಟ್ಟಿಗೇಲಿ ಕಟ್ಟಿದ ಪುಟ್ಟ ಪೆಟ್ಟಿಗೆ, ಒಳಗೆ ಡಾಂಬರು ಬಳಿದಿದೆ ನೀರು ಇಳೀಬಾರದು ಅಂತ, ಅದರೊಳಗೆ ಬುಟ್ಟಿ ಹೊತ್ತ ರಾಜ, ಬಟ್ಟೆ ಸುತ್ತಿ ನಿಲ್ಲಿಸಿದಾರೆ, ಪಕ್ಕದಲ್ಲಿ ಇಟ್ಟಿಗೆ ಆಕಾರದ್ದೇ ಒಂದು ಕಲ್ಲು, ಕೆಲವು ಮಣಿ. ಬಟ್ಟೆ ಪೂರ್ತಿ ಹೋಗಿಲ್ಲ, ಲೋಹಕ್ಕೆ ಅಂಟ್ಕೊಂಡು ನೇಯ್ಗೆ ಗುರುತು ಉಳಿದಿತ್ತು. ಕೂಸಿಗೆ ಸುತ್ತಿದ ಹಾಗೆ ಸುತ್ತಿ ಕತ್ತಲೇಲಿ ನಿಲ್ಲಿಸಿ, ಮೇಲೆ ಮುಚ್ಚಿ, ಅದರ ಮೇಲೆ ಗೋಡೆ ಎಬ್ಬಿಸಿದ್ರು.

ಪ್ರ: ಇವು ಪಂಚಲೋಹದ್ದಾ? — ಓದುಗರೊಬ್ಬರು, ಉಡುಪಿ

ಉ: ಅಲ್ಲ. ತಾಮ್ರ, ಜೊತೆಗೆ ಕೆಲವದರಲ್ಲಿ ಒಂಚೂರು ತವರ ಅಥವಾ ಆರ್ಸೆನಿಕ್. ಆದ್ರೆ ಮಾಡೋ ವಿಧಾನ ನಮ್ಮ ಉತ್ಸವಮೂರ್ತಿಗಳದ್ದೇ, ಮೇಣದಲ್ಲಿ ಬೊಂಬೆ ಮಾಡಿ, ಮೇಲೆ ಮಣ್ಣು ಮೆತ್ತಿ, ಒಣಗಿಸಿ ಕಾಯಿಸಿದ್ರೆ ಮೇಣ ಕರಗಿ ಹರಿದುಹೋಗುತ್ತೆ, ಆ ಖಾಲಿ ಜಾಗಕ್ಕೆ ಕಾದ ಲೋಹ ಹೊಯ್ಯೋದು. ಅಪ್ಪಟ ತಾಮ್ರ ಕರಗೋಕೆ 1085 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟಾದ್ರೂ ಅದು ಅಚ್ಚಿನೊಳಗೆ ಸರಾಗವಾಗಿ ಹರಿದು ತುಂಬಲ್ಲ, ಒಳಗೆ ಗಾಳಿಗುಳ್ಳೆ ಕೂತ್ಕೊಳುತ್ತೆ, ತವರ ಬಿದ್ರೆ ಸಲೀಸಾಗಿ ಹರಿಯುತ್ತೆ. ಅದಕ್ಕೇ ಇರಾಕ್ ಮ್ಯೂಸಿಯಂನ ಬಸ್ಸೆಟ್ಕಿ ಪ್ರತಿಮೆ ನೋಡಿ ಎರಕದವರು ಬೆರಗಾಗೋದು, ಹೆಚ್ಚುಕಮ್ಮಿ ಅಪ್ಪಟ ತಾಮ್ರ, ಸುಮಾರು 150 ಕೆಜಿ, ಈಗ ಉಳಿದಿರೋದು ಪೀಠ ಮತ್ತೆ ಕೂತ ಮನುಷ್ಯನ ಕಾಲುಗಳು ಮಾತ್ರ. ಅದು ಸುಮೇರಿಯನ್ ಅಲ್ಲ, ಉರ್-ನಮ್ಮನಿಗಿಂತ ಒಂದೂವರೆ ಶತಮಾನ ಮುಂಚಿನ ಅಕ್ಕಾದ್ ರಾಜ ನರಾಮ್-ಸಿನ್ ಕಾಲದ್ದು, ಆದ್ರೆ ನೆರೆಮನೆಯವರೇ. 2003ರ ಏಪ್ರಿಲ್‌ನಲ್ಲಿ ಬಾಗ್ದಾದ್ ಲೂಟಿಯಾದಾಗ ಅದನ್ನೂ ಕದ್ದೊಯ್ದ್ರು, ನವೆಂಬರ್‌ನಲ್ಲಿ ಸಿಕ್ಕಿದ್ದು ಒಂದು ಕಕ್ಕಸು ಗುಂಡೀಲಿ, ಮೈಗೆಲ್ಲ ಗ್ರೀಸ್ ಬಳಿದು ಮುಳುಗಿಸಿಟ್ಟಿದ್ರು. ಮತ್ತೆ ಹೂತಿಟ್ಟಿದ್ದಕ್ಕೇ ಉಳ್ಕೊಂತು ನೋಡಿ.

ಪ್ರ: ಅಕ್ಕ, ಅಷ್ಟು ಬೆಲೆಬಾಳೋ ವಸ್ತು ಯಾಕೆ ಹಂಗೆ ಹಸಿರು ಹಸಿರಾಗಿ ಗಲೀಜಾಗಿ ಇಟ್ಟಿದಾರೆ? ಒಂದುಂಡೆ ಹುಣಸೆಹಣ್ಣು, ಚಿಟಿಕೆ ಉಪ್ಪು ಹಾಕಿ ತಿಕ್ಕಿದ್ರೆ ಫಳಫಳ ಅನ್ನಲ್ವಾ? — ಓದುಗಿ, ಶಿವಮೊಗ್ಗ

ಉ: ಅಯ್ಯಯ್ಯೋ, ಬೇಡ! ನಮ್ಮಜ್ಜಿ ಮನೇಲಿ ಒಂದು ತಾಮ್ರದ ತಂಬಿಗೆ ಇದೆ, ಅಜ್ಜಿಗೆ ಮದುವೇಲಿ ಕೊಟ್ಟಿದ್ದು, ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿದ್ರು, ಕೊಟ್ಟವರ ಹೆಸರು, ಇಸವಿ ಎಲ್ಲಾ. ಅರವತ್ತು ವರ್ಷ ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಈಗ ‘ಸಂ’ ಅಂತ ಒಂದಕ್ಷರ, ಆಮೇಲೆ ಇಸವಿಯ ಒಂದು 9, ಇಷ್ಟೇ ಉಳಿದಿರೋದು. ತಂಬಿಗೆ ಮಾತ್ರ ಕನ್ನಡಿ ಹಾಗಿದೆ, ಕೊಟ್ಟವರು ಯಾರು ಅಂತ ಕೇಳಿದ್ರೆ ಹೇಳೋರಿಲ್ಲ.

ಮನೆ ಪಾತ್ರೇಲೇ ಹೀಗಾದ್ರೆ ನಾಲ್ಕು ಸಾವಿರ ವರ್ಷ ನೆಲದಲ್ಲಿದ್ದಿದ್ದರ ಗತಿ ಏನು. ಅಷ್ಟು ಕಾಲ ಮಣ್ಣಲ್ಲಿದ್ರೆ ಮೇಲಿನ ಲೋಹವೇ ಕಿಲುಬಾಗಿ ಮಾರ್ಪಾಡಾಗಿರುತ್ತೆ, ಮೊದಲು ಕೆಂಪು ಪದರ, ಅದರ ಮೇಲೆ ಹಸಿರು. ಮೂಗು, ಕಣ್ರೆಪ್ಪೆ, ಬುಟ್ಟಿಯ ಹೆಣಿಗೆ, ಮೊಳೆ ಮೊಳೆ ಥರದ ಆ ಕ್ಯೂನಿಫಾರ್ಮ್ ಅಕ್ಷರ, ಎಲ್ಲಾ ಇರೋದು ಆ ಕಿಲುಬಿನ ಪದರದೊಳಗೇನೇ. ಹುಣಸೆ ಹುಳಿ ಅದನ್ನ ಕರಗಿಸುತ್ತೆ, ಉಪ್ಪು ಇನ್ನೂ ಕೆಟ್ಟದು. ಒಳಗೆ ಉಪ್ಪಿನಂಶ ಸೇರ್ಕೊಂಡು ಗಾಳಿಯ ತೇವ ತಾಗಿದ್ರೆ ತಿಳಿಹಸಿರು ಪುಡಿ ಉದುರೋಕೆ ಶುರುವಾಗುತ್ತೆ, ಇದಕ್ಕೆ ಕಂಚಿನ ರೋಗ ಅಂತಾನೇ ಹೆಸರು, ಒಂದ್ಸಲ ಹಿಡೀತು ಅಂದ್ರೆ ಒಳಗೊಳಗೇ ತಿನ್ಕೊಂಡು ಹೋಗುತ್ತೆ. ಅದಕ್ಕೇ ಗಾಜಿನ ಪೆಟ್ಟಿಗೆಯೊಳಗೆ ತೇವ ಕಮ್ಮಿ ಇರೋ ಹಾಗೆ ನೋಡ್ಕೊತಾರೆ. ಕ್ಲೀನ್ ಮಾಡೋದೇ ಇಲ್ಲ ಅಂತಲ್ಲ, ಮೈಕ್ರೋಸ್ಕೋಪ್ ಕೆಳಗೆ ಇಟ್ಕೊಂಡು ಸಣ್ಣ ಚಾಕುವಿನಲ್ಲಿ ಕಾಳು ಕಾಳಾಗಿ ಕೆರೀತಾರೆ. ಹಿಂದಿನ ಕಾಲದ ಮ್ಯೂಸಿಯಂನವರು ನಮ್ಮಜ್ಜಿ ಪೈಕಿನೇ, ಕರೆಂಟ್ ಹಾಯಿಸಿ ಆಸಿಡ್‌ನಲ್ಲಿ ಅದ್ದಿ ಬಡವಾಗಿಸಿದ ವಸ್ತುಗಳು ಎಷ್ಟೋ ಇವೆ.

ಪ್ರ: ಸುಮೇರ್‌ನಲ್ಲಿ ಮಣ್ಣು ಬಿಟ್ರೆ ಏನೂ ಇರ್ಲಿಲ್ಲ ಅಂದ್ರೆ ತಾಮ್ರ ಎಲ್ಲಿಂದ ಬಂತು? ಭಾರತದ್ದೇನಾದ್ರೂ ಪಾಲು ಇದ್ಯಾ? ಎಕ್ಸಾಮ್‌ಗೆ ಅಲ್ಲ, ಸುಮ್ನೆ. — ವಿದ್ಯಾರ್ಥಿ, ತುಮಕೂರು

ಉ: ಸುಮ್ನೆ ಕೇಳೋರೇ ನಂಗೆ ಇಷ್ಟ. ತಾಮ್ರ ಹೆಚ್ಚಾಗಿ ಬರ್ತಿದ್ದದ್ದು ಮಗನ್‌ನಿಂದ, ಅಂದ್ರೆ ಈಗಿನ ಒಮಾನ್ ಕಡೆಯಿಂದ ಹಡಗಲ್ಲಿ, ನಡುವೆ ದಿಲ್ಮುನ್ ಅಂದ್ರೆ ಬಹ್ರೇನ್ ಮಂಡಿ. ಆ ಮಗನ್ ಹಡಗುಗಳನ್ನ ಮತ್ತೆ ತಂದೆ ಅಂತ ಉರ್-ನಮ್ಮನ ಕಾನೂನಿನ ಪೀಠಿಕೇಲೂ ಹೇಳ್ಕೊಂಡಿದಾನೆ. ಲಾಪಿಸ್ ಲಾಜುಲಿ ಅಫ್ಘಾನಿಸ್ತಾನದ ಬದಖ್ಶಾನ್‌ದು. ನಮ್ಮ ಕಡೆದ್ದು ಅಂದ್ರೆ ಸಿಂಧೂ ಕಣಿವೆ, ಅದನ್ನೇ ಅವರು ಮೆಲುಹ್ಹ ಅಂತಿದ್ರು ಅನ್ನೋದನ್ನ ಹೆಚ್ಚಿನವರು ಒಪ್ಪುತ್ತಾರೆ, ಬಿಳಿ ಗೆರೆ ಕೊರೆದ ಕೆಂಪು ಮಣಿಗಳು ಉರ್‌ನ ಸಮಾಧಿಗಳಲ್ಲೇ ಸಿಕ್ಕಿವೆ. ಹಾಗಾಗಿ ಆಭರಣದಲ್ಲಿ ಪಾಲು ಉಂಟು.

ತಾಮ್ರದ ವ್ಯಾಪಾರ ಅಂದ್ಮೇಲೆ ಏಆ-ನಾಸಿರ್ ಬಗ್ಗೆ ಹೇಳ್ದೆ ಇರೋಕಾಗಲ್ಲ. ಉರ್-ನಮ್ಮನಿಂದ ಮುನ್ನೂರೈವತ್ತು ವರ್ಷ ಆಚೆ, ಅದೇ ಉರ್ ಊರಲ್ಲಿ ತಾಮ್ರದ ವ್ಯಾಪಾರಿ. ನನ್ನಿ ಅನ್ನೋ ಗಿರಾಕಿ ಅವನಿಗೆ ಮಣ್ಣಿನ ಹಲಗೆ ಮೇಲೆ ಕಂಪ್ಲೇಂಟ್ ಬರೆಸಿದಾನೆ, ಒಳ್ಳೇ ಗಟ್ಟಿ ಕೊಡ್ತೀನಿ ಅಂತ ಹೇಳಿ ನನ್ನ ಆಳಿನ ಮುಂದೆ ಕಳಪೆ ಗಟ್ಟಿ ಇಟ್ಟು, ಬೇಕಾದ್ರೆ ತಗೋ ಬೇಡ್ದಿದ್ರೆ ಹೋಗು ಅಂದ್ಯಂತಲ್ಲ, ನನ್ನನ್ನ ಏನಂತ ತಿಳ್ಕೊಂಡಿದೀಯ ಅಂತ. ಆ ಕಾಗದ ಕೂಡ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಇಂಟರ್ನೆಟ್ ತುಂಬ ಅದರ ಮೀಮ್.

ಪ್ರ: ಇರಾಕ್‌ನ ವಸ್ತು ಲಂಡನ್, ಪ್ಯಾರಿಸ್, ಅಮೆರಿಕದಲ್ಲಿ ಯಾಕಿದೆ? ಕದ್ದಿದ್ದಲ್ವಾ? — ಓದುಗರೊಬ್ಬರು, ಬೆಂಗಳೂರು

ಉ: ಒಂದೊಂದಕ್ಕೂ ಒಂದೊಂದು ಉತ್ತರ. ಗುಡೇಯನ ಸಿಲಿಂಡರ್ ಅಟೊಮನ್ ತುರ್ಕರ ಆಳ್ವಿಕೇಲಿ ಫ್ರೆಂಚರು ಅಗೆದಿದ್ದು. ಉರ್‌ನಲ್ಲಿ ವೂಲಿ 1922ರಿಂದ 1934ರ ತನಕ ಅಗೆದಿದ್ದನ್ನ ಬಾಗ್ದಾದ್, ಲಂಡನ್, ಫಿಲಡೆಲ್ಫಿಯಾ ಮೂರಕ್ಕೂ ಹಂಚಿದ್ರು, ಅದಕ್ಕೆ 1924ರ ಕಾನೂನೇ ಇತ್ತು. ಆ ಕಾನೂನು ಮಾಡಿದ್ದು ಗರ್ಟ್ರೂಡ್ ಬೆಲ್ ಅನ್ನೋ ಬ್ರಿಟಿಷ್ ಅಧಿಕಾರಿಣಿ, ಆಗ ಇರಾಕ್ ಇದ್ದದ್ದು ಬ್ರಿಟಿಷರ ಹಿಡಿತದಲ್ಲಿ, ತಾವೇ ಪಂಕ್ತೀಲಿ ಕೂತು ತಾವೇ ಬಡಿಸ್ಕೊಂಡ ಹಾಗೆ. ಕದ್ದಿದ್ದು ಅನ್ನೋಕಾಗಲ್ಲ, ನ್ಯಾಯ ಅನ್ನೋಕೂ ನಂಗೆ ಬಾಯಿ ಬರಲ್ಲ.

ಪ್ರ: ನಮ್ಮ ಭಾವ ಗಲ್ಫ್‌ನಲ್ಲಿದಾರೆ. ಅಲ್ಲಿ ಒಂದು ಅಂಗಡೀಲಿ ಇಂಥದ್ದೇ ಗೂಟದ ಬೊಂಬೆ, ಮೂರೂವರೆ ಇಂಚು, ‘ಒರಿಜಿನಲ್ ಸುಮೇರಿಯನ್’ ಅಂತ ಕಮ್ಮಿ ರೇಟಿಗೆ ಕೊಡ್ತಾರಂತೆ. ಶೋಕೇಸ್‌ಗೆ ತರಿಸ್ಲಾ? — ಓದುಗರೊಬ್ಬರು, ದಾವಣಗೆರೆ

ಉ: ಎರಡೇ ಸಾಧ್ಯತೆ. ಒಂದು, ಹೋದ ತಿಂಗಳು ಎರಕ ಹೊಯ್ದು ಹಸಿರು ಬಣ್ಣ ಬಳಿದಿದ್ದು, ಆಗ ನಿಮ್ಮ ದುಡ್ಡು ಹೋಯ್ತು. ಎರಡು, ನಿಜವಾಗಿ ಒರಿಜಿನಲ್, ಆಗ ಇನ್ನೂ ಕಷ್ಟ, ಯಾಕಂದ್ರೆ 1990ರ ಆಗಸ್ಟ್ 6ರಿಂದೀಚೆಗೆ ಇರಾಕ್‌ನಿಂದ ಅಕ್ರಮವಾಗಿ ಹೊರಗೆ ಬಂದ ಪುರಾತನ ವಸ್ತು ವ್ಯಾಪಾರ ಮಾಡೋ ಹಾಗಿಲ್ಲ ಅಂತ 2003ರಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ ಮಾಡಿದೆ. ಲಂಡನ್‌ನಲ್ಲಿ ಪೊಲೀಸರು ಒಬ್ಬ ವ್ಯಾಪಾರಿ ಹತ್ರ ಹಿಡಿದ ಮಣ್ಣಿನ ಮೊಳೆಗಳ ಮೇಲಿನ ಬರಹ ಓದಿ, ಇವು ಗುಡೇಯನ ಅದೇ ನಿನ್‌ಗಿರ್ಸು ಗುಡಿಯದ್ದು ಅಂತ ಬ್ರಿಟಿಷ್ ಮ್ಯೂಸಿಯಂನವರು ಗುರುತು ಹಿಡಿದು, 2018ರಲ್ಲಿ ಇರಾಕ್‌ಗೆ ವಾಪಸ್ ಕೊಟ್ರು. ವಸ್ತು ಮೇಲೇ ವಿಳಾಸ ಬರ್ದಿರುತ್ತೆ ಸ್ವಾಮಿ, ತಪ್ಪಿಸ್ಕೊಳೋಕಾಗಲ್ಲ. ಭಾವನಿಗೆ ಎರಡು ಕೆಜಿ ಒಳ್ಳೇ ಖರ್ಜೂರ ತರೋಕೆ ಹೇಳಿ.